ಮಿರಜಿನ ವಾನ್‌ಲೆಸ್ ಮತ್ತು ಹೊಲಿಗೆ ಬಿಚ್ಚಿದ ನಂತರದ ಬದುಕು

ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಯಾರದಾದರೂ ಹೊಟ್ಟೆಬೇನೆ ಊರ ಮದ್ದಿಗೆ ಬಗ್ಗದೆ ಹೋದಾಗ ಮನೆಯ ಹಿರಿಯರು ಬಹಳ ಚರ್ಚಿಸುತ್ತಿರಲಿಲ್ಲ. ಮಿರಜಿಗೆ ಒಯ್ಯುವುದೆಂದು ತೀರ್ಮಾನಿಸಿ ಬಂಡಿ ಹೂಡುತ್ತಿದ್ದರು. ಅಥಣಿ ಮತ್ತು ಕಾಗವಾಡದವರಿಗೆ ನೇರ ರಸ್ತೆಯಿತ್ತು. ರಾಯಬಾಗ ಮತ್ತು ಚಿಕ್ಕೋಡಿಯವರಿಗೆ ರೈಲಿತ್ತು. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರವಾದರೂ ದೊಡ್ಡ ಆಪರೇಶನ್ ಎಂದರೆ ಅವರಲ್ಲಿಯೂ ಹಲವರು ಮಿರಜಿನತ್ತ ನೋಡುತ್ತಿದ್ದರು. ನನ್ನ ಅಜ್ಜಿಯ ಮಾತಿನಲ್ಲಿ ಮಿರಜ ಎಂದರೆ ರೋಗ ಕೈಮೀರಿದೆ, ಆದರೂ ಆಸೆ ಉಳಿದಿದೆ ಎಂದು ಅರ್ಥ.

ಆ ಆಸೆಗೆ ಕಾರಣನಾದ ವ್ಯಕ್ತಿ ನಮ್ಮ ನಾಡಿನವನಲ್ಲ. ಸರ್ ವಿಲಿಯಂ ಜೇಮ್ಸ್ ವಾನ್‌ಲೆಸ್ ತೀರಿಕೊಂಡದ್ದು 1933ರಲ್ಲಿ. ಸಾಂಗಲಿ ಮತ್ತು ಮಿರಜಗಳ ನಡುವಣ ವಾನ್‌ಲೆಸ್‌ವಾಡಿ ಎಂಬ ಬಡಾವಣೆಯ ಹೆಸರನ್ನು ದಿನವೂ ಉಚ್ಚರಿಸುವ ಬಸ್ಸಿನ ಕಂಡಕ್ಟರಿಗೂ ಇಂದು ಅವರು ಯಾರೆಂಬುದು ತಿಳಿದಿರಲಾರದು. ತಿಳಿದವರು ಅವರನ್ನು ಕತ್ತಿಯ ಕೈಚಳಕಕ್ಕಾಗಿ ನೆನೆಯುತ್ತಾರೆ. ಆದರೆ ಅವರು ಕಟ್ಟಿದ್ದರಲ್ಲಿ ಬಹುಪಾಲು ಕತ್ತಿಯ ಕೆಲಸ ಮುಗಿದ ಮೇಲಿನ ದಿನಗಳಿಗಾಗಿ ಇತ್ತು ಎಂಬುದನ್ನು ನಾನು ತಡವಾಗಿ ಅರಿತೆ. ನನ್ನ ಭಾವನವರ ಕಾಯಿಲೆ ಅದನ್ನು ಅರಿಯುವಂತೆ ಮಾಡಿತು.

ವಾನ್‌ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯಕೀಯ ಪದವಿ ಪಡೆದ ವರ್ಷವೇ, ಅಂದರೆ 1889ರಲ್ಲಿ, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯರಾಗಿ ಪತ್ನಿ ಮೇರಿಯೊಡನೆ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ನಾಲ್ಕು ವಯಸ್ಸು. ಮೊದಲು ನೆಲೆ ನಿಂತದ್ದು ಸಾಂಗಲಿಯಲ್ಲಿ. ಒಂದು ಸಣ್ಣ ಔಷಧಾಲಯ ತೆರೆದು, ಮರಾಠಿ ಕಲಿತು, ಬಂದವರನ್ನು ನೋಡತೊಡಗಿದರು. ಅವರ ಬರವಿನಲ್ಲಿ ಮತಪ್ರಚಾರದ ಉದ್ದೇಶವೂ ಇತ್ತು. ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. ನಮ್ಮ ಹಿರಿಯರೂ ಅದನ್ನು ಬಲ್ಲವರಾಗಿದ್ದರು. ತಮ್ಮ ದೇವರನ್ನು ತಾವು ಇಟ್ಟುಕೊಂಡು, ಅವರ ಔಷಧವನ್ನು ಪಡೆದು ಮನೆಗೆ ಮರಳಿದರು. ಎರಡೂ ಕಡೆಯವರು ಈ ವಿಷಯದಲ್ಲಿ ಒಂದು ಬಗೆಯ ಪ್ರೌಢತೆಯನ್ನು ತೋರಿದರೆಂದೇ ಹೇಳಬೇಕು.

ಸಾಂಗಲಿಯಿಂದ ಅವರ ಕಾರ್ಯಕ್ಷೇತ್ರ ಕೆಲವೇ ಮೈಲಿ ದೂರದ ಮಿರಜಿಗೆ ಬದಲಾಯಿತು. ಅಲ್ಲಿಯ ಸಂಸ್ಥಾನಾಧೀಶರು ಜಾಗ ಕೊಟ್ಟರು. ಫಿಲಡೆಲ್ಫಿಯಾದ ರೈಲು ಇಂಜಿನ್ ಕಾರ್ಖಾನೆಯ ಒಡೆಯ ಜಾನ್ ಕಾನ್ವರ್ಸ್ ಅವರು ಹಣ ಕೊಟ್ಟರು. 1894ರಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು. ಮಿರಜಿನ ಆಯ್ಕೆಯ ಬಗ್ಗೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ವಿಶೇಷ ಕುತೂಹಲವಿದೆ. 1880ರ ದಶಕದಲ್ಲಿ ಬೆಳಗಾವಿಯ ಕಡೆಯಿಂದ ಪುಣೆಯತ್ತ ರೈಲು ಹಳಿ ಬಂದು, ಮಿರಜ ಒಂದು ಮುಖ್ಯ ನಿಲ್ದಾಣವಾಯಿತು. ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಎಂದು ಇಂದಿಗೂ ಸಾಲಾಗಿ ನಿಂತಿರುವ ನಿಲ್ದಾಣಗಳೆಲ್ಲ ಆ ಆಸ್ಪತ್ರೆಗೆ ರೋಗಿಗಳನ್ನು ತಲುಪಿಸುವ ಹೆಬ್ಬಾಗಿಲುಗಳಾದವು. ಆಗ ಚಿಕ್ಕೋಡಿ, ನಿಪ್ಪಾಣಿ ಮತ್ತು ಅಥಣಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು, ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು, ಮಿರಜ ಪಟವರ್ಧನರ ಆಳ್ವಿಕೆಯಲ್ಲಿತ್ತು. ಮೂರು ಆಡಳಿತಗಳು, ಎರಡು ಭಾಷೆಗಳು. ಆದರೆ ರೋಗಕ್ಕೆ ಗಡಿಯಿರಲಿಲ್ಲ, ಬಂಡಿಗೂ ಇರಲಿಲ್ಲ.

ವಾನ್‌ಲೆಸ್ ಕೆಲಸ ಆರಂಭಿಸಿದ ಕಾಲದ ಶಸ್ತ್ರಚಿಕಿತ್ಸೆ ಹೇಗಿತ್ತು ಎಂಬುದನ್ನು ಇಂದಿನ ಓದುಗರು ಊಹಿಸುವುದು ಕಷ್ಟ. ನೋವು ತಿಳಿಯದಂತೆ ಮಾಡಲು ಕ್ಲೋರೋಫಾರ್ಮ್ ಇತ್ತು. ಗಾಯ ಕೀವಾಗದಂತೆ ಕಾರ್ಬಾಲಿಕ್ ಆಮ್ಲ ಬಳಸುವುದನ್ನು ಜೋಸೆಫ್ ಲಿಸ್ಟರ್ 1867ರಲ್ಲಿಯೇ ತೋರಿಸಿಕೊಟ್ಟಿದ್ದರು. ಅಲ್ಲಿಗೆ ಮುಗಿಯಿತು. ರಕ್ತದ ಗುಂಪುಗಳು ಪತ್ತೆಯಾದದ್ದು 1901ರಲ್ಲಿ. ರಕ್ತನಿಧಿಗಳು ಬಂದದ್ದು ಇನ್ನೂ ಎಷ್ಟೋ ವರ್ಷಗಳ ನಂತರ. ಪೆನಿಸಿಲಿನ್ ರೋಗಿಗಳ ಕೈಗೆ ಸಿಕ್ಕಿದ್ದು 1940ರ ದಶಕದಲ್ಲಿ. ಅದನ್ನು ನೋಡಲು ವಾನ್‌ಲೆಸ್ ಬದುಕಿರಲಿಲ್ಲ. ಹೀಗಾಗಿ ಕಣ್ಣಿನ ಪೊರೆಯಿರಲಿ, ಮೂತ್ರಕೋಶದ ಕಲ್ಲಿರಲಿ, ಹೊಟ್ಟೆಯ ಗಡ್ಡೆಯಿರಲಿ, ಮೇಜಿನ ಮೇಲಿನ ಕೆಲಸ ಎಷ್ಟು ಚೊಕ್ಕವಾಗಿ ಮುಗಿದರೂ ರೋಗಿ ಉಳಿಯುವುದೋ ಹೋಗುವುದೋ ಎಂಬುದು ಮುಂದಿನ ಹತ್ತು ಹದಿನೈದು ದಿನಗಳಲ್ಲಿ ಹಾಸಿಗೆಯ ಪಕ್ಕದಲ್ಲಿ ತೀರ್ಮಾನವಾಗುತ್ತಿತ್ತು. ನಾಡಿ ಎಣಿಸುವವರು, ಪಟ್ಟಿ ಬದಲಿಸುವವರು, ನೀರು ಗಂಜಿ ಕೊಡುವವರು, ಜ್ವರ ಏರಿದ್ದನ್ನು ರಾತ್ರಿ ಎರಡು ಗಂಟೆಗೆ ಗಮನಿಸಿ ವೈದ್ಯರನ್ನು ಎಬ್ಬಿಸುವವರು ಬೇಕಾಗಿತ್ತು.

ಅಂಥವರು ಆಗ ಇಲ್ಲಿರಲಿಲ್ಲ. ಪರರ ಮೈಮುಟ್ಟಿ ಗಾಯ ತೊಳೆಯುವ ಕೆಲಸವನ್ನು ಜಾತಿಯ ಲೆಕ್ಕಾಚಾರ ಕೀಳೆಂದು ಬಗೆದಿತ್ತು. ಹೆಣ್ಣುಮಕ್ಕಳು ಮನೆಯ ಹೊರಗೆ ರಾತ್ರಿ ಪಾಳಿ ಮಾಡುವುದಂತೂ ಊಹೆಗೆ ನಿಲುಕದ ಮಾತು. ವಾನ್‌ಲೆಸ್ ಆಸ್ಪತ್ರೆ ತೆರೆದು ಮೂರು ವರ್ಷಗಳಾಗುವಷ್ಟರಲ್ಲಿ, 1897ರಲ್ಲಿ, ಮಿರಜಿನಲ್ಲಿಯೇ ವೈದ್ಯಕೀಯ ಶಿಕ್ಷಣವನ್ನು ಆರಂಭಿಸಿದರು. ದಾದಿಯರ ತರಬೇತಿಯೂ ಅಲ್ಲಿಯೇ ಬೆಳೆಯಿತು. ಅದು ಪ್ಲೇಗು ಮುಂಬಯಿ ಪ್ರಾಂತವನ್ನು ನಡುಗಿಸುತ್ತಿದ್ದ ಕಾಲ. ಅದರ ಬೆನ್ನಿಗೇ 1899-1900ರ ಭೀಕರ ಬರ ಬಂತು. ಅಂಥ ದಿನಗಳಲ್ಲಿ ಇನ್ನೊಂದು ವಾರ್ಡು ಕಟ್ಟುವುದೇ ಯಾರಿಗಾದರೂ ಮೊದಲು ಹೊಳೆಯುವ ಯೋಚನೆ. ಅವರು ಕಟ್ಟಡದ ಜೊತೆಗೆ ಕೈಗಳನ್ನು ಸಿದ್ಧಪಡಿಸಲು ಮುಂದಾದರು. ಅಲ್ಲಿ ಕಲಿತವರು ದಕ್ಖನ್ನಿನ ಊರೂರುಗಳಿಗೆ ಹರಡಿದರು.

ಅವರ ಮುಂದಿನ ಕೆಲಸಗಳನ್ನು ಗಮನಿಸಿದರೂ ಇದೇ ದೃಷ್ಟಿ ಕಾಣುತ್ತದೆ. ಮಿರಜಿನಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಏರ್ಪಟ್ಟಿತು. ಮುಂದೆ ಕ್ಷಯರೋಗಿಗಳಿಗಾಗಿ ಊರ ಹೊರಗೆ ಆರೋಗ್ಯಧಾಮ ತಲೆಯೆತ್ತಿತು. ಅದೇ ಇಂದಿನ ವಾನ್‌ಲೆಸ್‌ವಾಡಿ. ಈ ಎರಡೂ ರೋಗಗಳಿಗೆ ಆಗ ಕತ್ತಿಯಿಂದ ಪರಿಹಾರವಿರಲಿಲ್ಲ, ಗುಳಿಗೆಯೂ ಇರಲಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋಡಿಕೊಳ್ಳುವುದೊಂದೇ ದಾರಿ. ಶಸ್ತ್ರವೈದ್ಯನೆಂದು ಹೆಸರಾದವರೊಬ್ಬರು ಕತ್ತಿಗೆ ಕೆಲಸವೇ ಇಲ್ಲದ ರೋಗಗಳಿಗಾಗಿ ಇಷ್ಟೊಂದು ದುಡಿದದ್ದೇಕೆ ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ರೋಗಿಯ ಬದುಕು ಆಪರೇಶನ್ ಕೋಣೆಗಿಂತ ದೊಡ್ಡದು ಎಂಬ ಅರಿವೇ ಅದಕ್ಕೆ ಉತ್ತರವಿರಬೇಕು.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಅರ್ನೆಸ್ಟ್ ಮೈಲ್ಸ್ ಎಂಬ ಶಸ್ತ್ರವೈದ್ಯರು ಗುದನಾಳದ ಕ್ಯಾನ್ಸರಿನ ಬೆನ್ನುಹತ್ತಿದ್ದರು. ಹಳೆಯ ವಿಧಾನದಲ್ಲಿ ತಾವು ಮಾಡಿದ 57 ಶಸ್ತ್ರಚಿಕಿತ್ಸೆಗಳನ್ನು ಅವರು ಪ್ರಾಮಾಣಿಕವಾಗಿ ಲೆಕ್ಕಹಾಕಿದಾಗ 54 ಮಂದಿಗೆ ರೋಗ ಮರಳಿ ಬಂದಿತ್ತು. ಆಪರೇಶನ್ ಯಶಸ್ವಿಯಾಗಿತ್ತು, ರೋಗಿ ಮನೆಗೆ ಹೋಗಿದ್ದ. ಆದರೆ ಕೆಲವೇ ವರ್ಷಗಳಲ್ಲಿ ಎಲ್ಲ ವ್ಯರ್ಥವಾಗಿತ್ತು. ಆದ್ದರಿಂದ ಅವರು 1908ರಲ್ಲಿ ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಏಕಕಾಲಕ್ಕೆ ಗಡ್ಡೆಯನ್ನು ಅದರ ಸುತ್ತಲಿನ ಅಂಗಾಂಶದೊಡನೆ ತೆಗೆಯುವ ದೊಡ್ಡ ವಿಧಾನವನ್ನು ಪ್ರಕಟಿಸಿದರು. ರೋಗ ಮರುಕಳಿಸುವುದು ಗಣನೀಯವಾಗಿ ಇಳಿಯಿತು. ಆದರೆ ಆರಂಭದ ಹನ್ನೆರಡು ರೋಗಿಗಳಲ್ಲಿ ಐವರು ಶಸ್ತ್ರಚಿಕಿತ್ಸೆಯ ಹೊಡೆತದಿಂದಲೇ ತೀರಿಕೊಂಡರು. ಮೈಲ್ಸರ ಹೆಗ್ಗಳಿಕೆ ಇರುವುದು ಅವರ ಲೆಕ್ಕದ ರೀತಿಯಲ್ಲಿ. ರೋಗಿ ಆಸ್ಪತ್ರೆಯ ಬಾಗಿಲು ದಾಟಿದ ದಿನಕ್ಕೆ ಅವರು ಪುಸ್ತಕ ಮುಚ್ಚಲಿಲ್ಲ.

ನಾವು ಮುಚ್ಚಿಬಿಡುತ್ತೇವೆ. ನನ್ನ ಭಾವನವರ ವಿಷಯದಲ್ಲಿ ಆದದ್ದು ಅದೇ.

ಅವರು ಅಥಣಿ ಸೀಮೆಯ ರೈತರು, ಕಬ್ಬು ಬೆಳೆಯುತ್ತಿದ್ದವರು. 2013ರಲ್ಲಿ ಮಲದಲ್ಲಿ ರಕ್ತ ಕಂಡು, ಮೂಲವ್ಯಾಧಿಯೆಂದು ಕೆಲವು ತಿಂಗಳು ಕಳೆದ ಮೇಲೆ, ಗುದನಾಳದ ಮೇಲ್ಭಾಗದಲ್ಲಿ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ನಗರದ ಆಸ್ಪತ್ರೆಯೊಂದರಲ್ಲಿ ಗಡ್ಡೆ ತೆಗೆದು ಕರುಳಿನ ಎರಡು ತುದಿಗಳನ್ನು ಜೋಡಿಸಿದರು. ಗಡ್ಡೆ ಪೂರ್ತಿಯಾಗಿ ಹೊರಬಂದಿದೆ ಎಂದು ಪ್ರಯೋಗಾಲಯದ ವರದಿ ಹೇಳಿತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಐದನೆಯ ದಿನ ಅವರ ನಾಡಿ ವೇಗವಾಗಿತ್ತು, ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ, ಹೊಟ್ಟೆ ಬಿಗಿದಿತ್ತು. ಕಬ್ಬು ಕಡಿಯುವ ಕಾಲವಾದ್ದರಿಂದ ಮನೆಗೆ ಹೋಗುವ ಆತುರ ಅವರಿಗೂ ಇತ್ತು, ಹಾಸಿಗೆ ತೆರವು ಮಾಡಿಸುವ ಆತುರ ಅಲ್ಲಿಯವರಿಗೂ ಇತ್ತು. ಏಳನೆಯ ದಿನ ಬಿಡುಗಡೆಯಾಯಿತು. ಮನೆಯಲ್ಲಿ ಚಳಿಜ್ವರ ಬಂದಾಗ ಊರಿನಲ್ಲಿ ಸೂಜಿ ಹಾಕಿಸಿದರು. ಎರಡು ದಿನ ಹಾಗೆಯೇ ಹೋಯಿತು. ಮರಳಿ ಕರೆದೊಯ್ಯುವಷ್ಟರಲ್ಲಿ ಜೋಡಣೆ ಬಿಟ್ಟು ಮಲ ಹೊಟ್ಟೆಯೊಳಗೆ ಸೋರಿತ್ತು. ಎರಡನೆಯ ಆಪರೇಶನ್, ಮೂರು ವಾರ ತೀವ್ರ ನಿಗಾ ಘಟಕ, ಹೊಟ್ಟೆಯ ಮೇಲೆ ಮಲ ಹೊರಬರಲು ಮಾಡಿದ ದಾರಿ, ಅದಕ್ಕೊಂದು ಚೀಲ.

ಜೀವ ಉಳಿಯಿತು. ಆದರೆ ಹಿಂದಿನ ಬದುಕು ಮರಳಲಿಲ್ಲ. ಚೀಲವನ್ನು ಸರಿಯಾಗಿ ಅಂಟಿಸಲು ಕಲಿಸುವವರು ಯಾರೂ ಇರಲಿಲ್ಲ. ಸುತ್ತಲಿನ ಚರ್ಮ ಸುಲಿದು ಉರಿಯುತ್ತಿತ್ತು. ವಾಸನೆಯ ಅಂಜಿಕೆಯಿಂದ ಅವರು ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟರು, ಜಾತ್ರೆಗೆ ಹೋಗುವುದನ್ನು ಬಿಟ್ಟರು, ಕೊನೆಗೆ ಕಟ್ಟೆಯ ಮೇಲೆ ಕೂರುವುದನ್ನೂ ಬಿಟ್ಟರು. ಎರಡು ತಿಂಗಳೊಳಗೆ ಆರಂಭವಾಗಬೇಕಿದ್ದ ಕಿಮೊಥೆರಪಿ, ಮೈಯಲ್ಲಿ ಶಕ್ತಿ ಇಲ್ಲದ ಕಾರಣ ಐದನೆಯ ತಿಂಗಳಿಗೆ ಹೋಯಿತು. ಅದನ್ನೂ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಮೂರನೆಯ ವರ್ಷ ರೋಗ ಯಕೃತ್ತಿನಲ್ಲಿ ಕಾಣಿಸಿಕೊಂಡಿತು. 2016ರಲ್ಲಿ ಅವರು ಹೋದರು. ಸಾವಿಗೆ ಕಾರಣ ಕ್ಯಾನ್ಸರ್ ಎಂದು ಎಲ್ಲರೂ ಅಂದರು, ನಾನೂ ಅಂದೆ. ಆ ಐದನೆಯ ದಿನದ ನಾಡಿಯ ಬಗ್ಗೆ ಯಾರೂ ಮಾತನಾಡಲಿಲ್ಲ.

ನಿವೃತ್ತಿಯ ಬಿಡುವಿನಲ್ಲಿ ನಾನು ಈ ವಿಷಯದ ಬಗ್ಗೆ ದೊರೆತದ್ದನ್ನೆಲ್ಲ ಓದಿದೆ. ಒಬ್ಬ ರೋಗಿಯ ಕಥೆಯಿಂದ ಏನನ್ನೂ ಸಾಧಿಸಲಾಗದು, ಭಾವನವರ ರೋಗ ಹೇಗಿದ್ದರೂ ಮರಳುತ್ತಿತ್ತೋ ಏನೋ. ಆದರೆ ಸಾವಿರಾರು ರೋಗಿಗಳ ಲೆಕ್ಕ ಹೇಳುವುದು ಸ್ಪಷ್ಟವಾಗಿದೆ. ಕರುಳಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಸಣ್ಣದೋ ದೊಡ್ಡದೋ ತೊಡಕು ಬರುತ್ತದೆ. ಗಾಯದಲ್ಲಿ ಕೀವು, ನ್ಯುಮೋನಿಯಾ, ಕರುಳು ಕೆಲಸ ನಿಲ್ಲಿಸುವುದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಇವೆಲ್ಲ ಅದರಲ್ಲಿ ಸೇರಿವೆ. ಎಲ್ಲಕ್ಕಿಂತ ಭಯಂಕರವಾದದ್ದು ಜೋಡಣೆಯ ಸೋರಿಕೆ. ಗುದನಾಳದ ಕೆಳಭಾಗದ ಜೋಡಣೆಗಳಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಇದು ಸಂಭವಿಸುತ್ತದೆ. ಅತ್ಯುತ್ತಮ ಕೈಗಳಲ್ಲಿಯೂ ಸಂಭವಿಸುತ್ತದೆ. ಆದ್ದರಿಂದ ತೊಡಕು ಬಂತೆಂದು ವೈದ್ಯರ ಮೇಲೆ ಹರಿಹಾಯುವುದು ಅನ್ಯಾಯ. ಅದನ್ನು ಬೇಗ ಗುರುತಿಸಿದರೇ, ಗುರುತಿಸಿ ಏನು ಮಾಡಿದರು ಎಂಬುದಷ್ಟೇ ನ್ಯಾಯವಾದ ಪ್ರಶ್ನೆ.

ತೊಡಕಿನಿಂದ ಚೇತರಿಸಿಕೊಂಡು ಮನೆಗೆ ಹೋದರೆ ಅಲ್ಲಿಗೆ ಅಧ್ಯಾಯ ಮುಗಿಯಿತು ಎಂದು ಬಹುಕಾಲ ನಂಬಲಾಗಿತ್ತು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಕರುಳಿನದೂ ಸೇರಿದಂತೆ ಎಂಟು ಬಗೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ಅದು ವರ್ಷಗಟ್ಟಲೆ ಹಿಂಬಾಲಿಸಿತು. ಮೊದಲ ಮೂವತ್ತು ದಿನಗಳಲ್ಲಿ ತೊಡಕು ಕಂಡವರ ಆಯುಷ್ಯ ಇತರರಿಗಿಂತ ಬಹಳ ಕಡಿಮೆಯಾಗಿತ್ತು. ಆಪರೇಶನ್ನಿಗೆ ಮುಂಚಿನ ರೋಗಿಯ ವಯಸ್ಸು ಮತ್ತು ದೇಹಸ್ಥಿತಿಗಿಂತಲೂ ಆ ಮೂವತ್ತು ದಿನಗಳ ತೊಡಕು ಮುಂದಿನ ಆಯುಷ್ಯದ ಮೇಲೆ ಹೆಚ್ಚು ಪ್ರಭಾವ ಬೀರಿತ್ತು. ಗುದನಾಳದ ಕ್ಯಾನ್ಸರಿನಲ್ಲಿ ಜೋಡಣೆ ಸೋರಿದವರಿಗೆ ಅದೇ ಜಾಗದಲ್ಲಿ ರೋಗ ಮರಳುವ ಸಂಭವ ಹೆಚ್ಚು ಎಂಬುದನ್ನು ನಂತರದ ಅಧ್ಯಯನಗಳು ತೋರಿಸಿವೆ.

ಹೀಗೇಕೆ ಆಗುತ್ತದೆ? ಮೊದಲ ಕಾರಣ ಸರಳವಾದದ್ದು. ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕಿಮೊಥೆರಪಿಗೆ ಒಂದು ಮುಹೂರ್ತವಿದೆ. ಸುಮಾರು ಎಂಟು ವಾರಗಳೊಳಗೆ ಅದು ಆರಂಭವಾಗಬೇಕು. ಅಲ್ಲಿಂದಾಚೆಗಿನ ಪ್ರತಿ ನಾಲ್ಕು ವಾರಗಳ ತಡಕ್ಕೆ ಸಾವಿನ ಅಪಾಯ ನೂರಕ್ಕೆ ಹದಿನಾಲ್ಕರಷ್ಟು ಏರುತ್ತದೆಂದು 2011ರಲ್ಲಿ ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿದ ಸಂಶೋಧಕರು ಕಂಡುಕೊಂಡರು. ತೊಡಕಿಗೆ ಸಿಲುಕಿದ ರೋಗಿ ಈ ಮುಹೂರ್ತವನ್ನು ತಪ್ಪಿಸಿಕೊಳ್ಳುತ್ತಾನೆ. ಎರಡನೆಯದಾಗಿ, ದೀರ್ಘಕಾಲದ ಸೋಂಕು ಮತ್ತು ಉರಿಯೂತಗಳು ಅಳಿದುಳಿದ ಕ್ಯಾನ್ಸರ್ ಕೋಶಗಳಿಗೆ ಅನುಕೂಲಕರವಾದ ವಾತಾವರಣವನ್ನು ಒದಗಿಸಬಹುದೆಂದು ವಿಜ್ಞಾನಿಗಳು ಶಂಕಿಸುತ್ತಾರೆ. ಮೂರನೆಯದಾಗಿ, ಸ್ನಾಯು ಕರಗಿ ತೂಕ ಇಳಿದ ದೇಹ ಮುಂದಿನ ಯಾವ ಚಿಕಿತ್ಸೆಯನ್ನೂ ತಾಳಿಕೊಳ್ಳಲಾರದು. ನಾಲ್ಕನೆಯ ಕಾರಣವನ್ನು ವೈದ್ಯಕೀಯ ಗ್ರಂಥಗಳಿಗಿಂತ ನಮ್ಮ ಹಳ್ಳಿಗಳು ಚೆನ್ನಾಗಿ ಬಲ್ಲವು. ಎರಡನೆಯ ಆಪರೇಶನ್ನಿಗೆ ಹೊಲ ಅಡವಿಟ್ಟ ಮನೆಯವರಿಗೆ, ಕಿಮೊ ಹಾಕಿಸಲು ಎರಡು ವಾರಕ್ಕೊಮ್ಮೆ ಗಾಡಿ ಮಾಡಿಕೊಂಡು ಹೋಗುವ ಚೈತನ್ಯವೂ ಉಳಿದಿರುವುದಿಲ್ಲ, ಹಣವೂ ಉಳಿದಿರುವುದಿಲ್ಲ.

2021ರಲ್ಲಿ ಪ್ರಕಟವಾದ, 82 ದೇಶಗಳ ಸುಮಾರು 16,000 ಕ್ಯಾನ್ಸರ್ ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು ನನ್ನನ್ನು ಹೆಚ್ಚು ಕಾಡಿದೆ. ದೊಡ್ಡ ತೊಡಕು ಬಂದ ಮೇಲೆ ಸಾಯುವ ಸಂಭವ ಶ್ರೀಮಂತ ದೇಶಗಳಿಗಿಂತ ಬಡ ದೇಶಗಳಲ್ಲಿ ಹಲವು ಪಟ್ಟು ಹೆಚ್ಚು ಎಂದು ಅದು ತೋರಿಸಿತು. ಇಲ್ಲಿಯ ಶಸ್ತ್ರವೈದ್ಯರ ಕೈ ಕಡಿಮೆಯದೆಂದು ಇದರ ಅರ್ಥವಲ್ಲ. ತೊಡಕನ್ನು ಹೊತ್ತಿಗೆ ಸರಿಯಾಗಿ ಗುರುತಿಸುವ ಕಣ್ಣು, ಗುರುತಿಸಿದ ಮೇಲೆ ಬೇಕಾದ ಸ್ಕ್ಯಾನು, ಹಾಸಿಗೆ ಮತ್ತು ರಾತ್ರಿಪಾಳಿಯ ಕೈಗಳು ಸಾಕಷ್ಟಿಲ್ಲ ಎಂದು ಅರ್ಥ. ವಾನ್‌ಲೆಸ್ 1897ರಲ್ಲಿ ಎದುರಿಸಿದ ಕೊರತೆಯೂ ಅದೇ.

ತೊಡಕನ್ನು ತಗ್ಗಿಸಲು ಬರುವುದಿಲ್ಲವೆಂದೂ ಅಲ್ಲ. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಎಂಬ ಶಸ್ತ್ರವೈದ್ಯರು 1990ರ ದಶಕದಲ್ಲಿ ತೋರಿಸಿಕೊಟ್ಟ ಕ್ರಮಗಳು ಈಗ ಜಗತ್ತಿನ ಅನೇಕ ಕಡೆ ರೂಢಿಯಲ್ಲಿವೆ. ಆಪರೇಶನ್ನಿಗೆ ಮುಂಚೆ ದೀರ್ಘ ಉಪವಾಸ ಕೆಡವದಿರುವುದು, ಮರುದಿನವೇ ಎಬ್ಬಿಸಿ ನಡೆಸುವುದು, ಬೇಗ ಆಹಾರ ಕೊಡುವುದು, ಬೇಡದ ನಳಿಕೆಗಳನ್ನು ತೆಗೆಯುವುದು. ಇವಾವುದಕ್ಕೂ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ. ರಕ್ತಹೀನತೆಯನ್ನು ಸರಿಪಡಿಸಿ, ಸಕ್ಕರೆಯನ್ನು ಹಿಡಿತಕ್ಕೆ ತಂದು, ಕೆಲವು ವಾರ ಒಳ್ಳೆಯ ಆಹಾರ ಕೊಟ್ಟು ರೋಗಿಯನ್ನು ಆಪರೇಶನ್ನಿಗೆ ಸಿದ್ಧಗೊಳಿಸುವುದೂ ಹಾಗೆಯೇ. ನಮ್ಮ ಸೀಮೆಗೆ ಸಂಬಂಧಿಸಿದಂತೆ ಇನ್ನೊಂದು ಮಾತಿದೆ. ನಿಪ್ಪಾಣಿ ತಂಬಾಕಿನ ಪೇಟೆ. ಸುತ್ತಲಿನ ಎಷ್ಟೋ ಮನೆಗಳು ಬೀಡಿಯನ್ನು ನಂಬಿ ಬದುಕಿವೆ. ಧೂಮಪಾನಿಗಳಲ್ಲಿ ಗಾಯವೂ ಕರುಳಿನ ಜೋಡಣೆಯೂ ನಿಧಾನವಾಗಿ ಕೂಡುತ್ತವೆ, ಸೋರುವ ಸಂಭವ ಹೆಚ್ಚು. ಆಪರೇಶನ್ನಿಗೆ ಕನಿಷ್ಠ ನಾಲ್ಕು ವಾರ ಮುಂಚೆ ಬೀಡಿ ಬಿಟ್ಟರೆ ಅಪಾಯ ತಗ್ಗುತ್ತದೆ. ನನ್ನ ಭಾವನವರಿಗೆ ದಿನಕ್ಕೆ ಒಂದು ಕಟ್ಟು ಬೀಡಿ ಬೇಕಿತ್ತು. ಆಪರೇಶನ್ನಿನ ಹಿಂದಿನ ದಿನದವರೆಗೂ ಅವರು ಸೇದಿದ್ದರು. ಯಾರೂ ಬೇಡವೆನ್ನಲಿಲ್ಲ, ನಾನೂ ಅನ್ನಲಿಲ್ಲ.

1990ರ ದಶಕದ ಆರಂಭದಲ್ಲಿ ನಾನು ಚಿಕ್ಕೋಡಿ ಉಪವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಆಸ್ಪತ್ರೆ ಕಟ್ಟಡಗಳಿಗೆ ಜಾಗ ಗುರುತಿಸಿಕೊಟ್ಟಿದ್ದೇನೆ, ಅಡಿಗಲ್ಲು ಸಮಾರಂಭಗಳಲ್ಲಿ ವೇದಿಕೆಯ ಅಂಚಿನಲ್ಲಿ ಕುಳಿತಿದ್ದೇನೆ. ಕಟ್ಟಡ ಮುಗಿದ ಮೇಲೆ ಅಲ್ಲಿ ರಾತ್ರಿ ಯಾರಿರುತ್ತಾರೆ ಎಂದು ಕೇಳಿದ ನೆನಪು ನನಗಿಲ್ಲ. ಆಯವ್ಯಯದ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳ ವೆಚ್ಚಕ್ಕೆ ನಾಮಫಲಕವಿರುತ್ತದೆ. ದಾದಿಯ ಸಂಬಳ ಆವರ್ತಕ ವೆಚ್ಚ, ಅದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಸರ್ಕಾರದ ವಿಮಾ ಯೋಜನೆಗಳಲ್ಲಿಯೂ ಇದೇ ಪ್ರವೃತ್ತಿ ಇಣುಕುತ್ತದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಯೋಜನೆ ಬಡವರನ್ನು ಆಪರೇಶನ್ ಕೋಣೆಯವರೆಗೆ ತಲುಪಿಸಿದೆ ಎಂಬುದು ನಿಜ, ಅದು ಸಣ್ಣ ಸಾಧನೆಯಲ್ಲ. ಬಿಡುಗಡೆಯಾದ ನಂತರದ ಹದಿನೈದು ದಿನಗಳ ಔಷಧ ವೆಚ್ಚವನ್ನೂ ಅದು ಒಳಗೊಂಡಿದೆ. ಆದರೆ ಕರುಳಿನ ಆಪರೇಶನ್ ಆದ ದೇಹದ ಲೆಕ್ಕ ಹದಿನೈದು ದಿನಕ್ಕೆ ಚುಕ್ತಾ ಆಗುವುದಿಲ್ಲ.

ವಾನ್‌ಲೆಸ್ ಸುಮಾರು ನಾಲ್ಕು ದಶಕಗಳ ದುಡಿಮೆಯ ನಂತರ 1928ರಲ್ಲಿ ನಿವೃತ್ತರಾದರು. ಅದೇ ವರ್ಷ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿ ನೀಡಿತು. ಅಮೆರಿಕದ ಮಿಶನ್ನಿನವರಾದರೂ ಕೆನಡಾದಲ್ಲಿ ಹುಟ್ಟಿದ್ದರಿಂದ ಅವರು ಸಾಮ್ರಾಜ್ಯದ ಪ್ರಜೆಯಾಗಿದ್ದರು. ಅಷ್ಟರಲ್ಲಿ ಅವರ ನಂತರ ಆಸ್ಪತ್ರೆಯನ್ನು ನಡೆಸಬಲ್ಲ ಚಾರ್ಲ್ಸ್ ವೇಲ್ ಅವರಂಥ ನುರಿತ ಶಸ್ತ್ರವೈದ್ಯರು ಸಿದ್ಧರಾಗಿದ್ದರು. ಅಮೆರಿಕಕ್ಕೆ ಮರಳಿದ ವಾನ್‌ಲೆಸ್ ತಮ್ಮ ವೈದ್ಯಜೀವನದ ನೆನಪುಗಳನ್ನು ಬರೆದು ಪ್ರಕಟಿಸಿದರು. 1933ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊನೆಯುಸಿರೆಳೆದರು. ಅವರು ನೆಟ್ಟದ್ದು ಅವರೊಡನೆ ಒಣಗಲಿಲ್ಲ. 1962ರಲ್ಲಿ ಮಿರಜಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದಾಗ ಅವರು ಕಟ್ಟಿದ ಆಸ್ಪತ್ರೆಯೇ ಅದಕ್ಕೆ ಪಾಠಶಾಲೆಯಾಯಿತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಗವಾಡ ನಮ್ಮ ಕಡೆಗೆ ಬಂತು, ಅರ್ಧ ಗಂಟೆಯ ಹಾದಿಯ ಮಿರಜ ಆಚೆ ಉಳಿಯಿತು. ರೋಗಿಗಳು ಇಂದಿಗೂ ಗಡಿ ದಾಟಿ ಮಿರಜ, ಸಾಂಗಲಿ, ಕೊಲ್ಲಾಪುರಗಳಿಗೆ ಹೋಗುತ್ತಾರೆ, ಇತ್ತ ಬೆಳಗಾವಿ, ಹುಬ್ಬಳ್ಳಿಗಳಿಗೂ ಹೋಗುತ್ತಾರೆ. ಎಲ್ಲಿಯೇ ಹೊಲಿಗೆ ಹಾಕಿಸಿಕೊಂಡರೂ ಚೇತರಿಸಿಕೊಳ್ಳಲು ಬರುವುದು ಈ ಐದು ತಾಲ್ಲೂಕುಗಳ ಮನೆಗಳಿಗೆ. ಆ ಮನೆಗೂ ದೂರದ ಆಸ್ಪತ್ರೆಗೂ ನಡುವೆ ಇಂದು ಸೇತುವೆಯಿಲ್ಲ.

ಸೇತುವೆ ಕಟ್ಟಲು ಮೂರು ಸಣ್ಣ ಕೆಲಸಗಳು ಸಾಕೆಂದು ನನಗನ್ನಿಸುತ್ತದೆ. ಮೊದಲನೆಯದು, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಬಿಡುಗಡೆಯಾಗುವ ಪ್ರತಿ ರೋಗಿಯ ವಿವರ ಅವನ ತಾಲ್ಲೂಕು ಆಸ್ಪತ್ರೆಗೂ ತಲುಪಬೇಕು. ಏನು ಮಾಡಲಾಗಿದೆ, ಕಿಮೊ ಯಾವ ದಿನದೊಳಗೆ ಆರಂಭವಾಗಬೇಕು ಎಂಬುದು ಅದರಲ್ಲಿರಬೇಕು. ಎರಡನೆಯದು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಒಬ್ಬೊಬ್ಬ ಶುಶ್ರೂಷಕರಿಗೆ ಗಾಯದ ಆರೈಕೆ ಮತ್ತು ಮಲದ ಚೀಲದ ನಿರ್ವಹಣೆಯಲ್ಲಿ ವಿಶೇಷ ತರಬೇತಿ ನೀಡಬೇಕು. ಐದು ಜನರ ತರಬೇತಿಯ ಖರ್ಚು ಯಾವ ಸರ್ಕಾರಕ್ಕೂ ಹೊರೆಯಲ್ಲ. ಮೂರನೆಯದು, ವಿಮಾ ಯೋಜನೆ ಆಸ್ಪತ್ರೆಗೆ ಕೊಡುವ ಹಣದ ಒಂದು ಪಾಲನ್ನು ತೊಂಬತ್ತು ದಿನಗಳ ನಂತರ, ರೋಗಿ ಹೇಗಿದ್ದಾನೆ ಎಂಬ ವರದಿ ಬಂದ ಮೇಲೆ ಬಿಡುಗಡೆ ಮಾಡಬೇಕು. ಮೈಲ್ಸರು ಸ್ವಇಚ್ಛೆಯಿಂದ ಇಟ್ಟ ಲೆಕ್ಕವನ್ನು ಆಗ ಎಲ್ಲರೂ ಇಡುತ್ತಾರೆ.

ಭಾವನವರ ಬಿಡುಗಡೆ ಚೀಟಿ ಅಕ್ಕನ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಕಳೆದ ಬಾರಿ ಊರಿಗೆ ಹೋದಾಗ ತೆಗೆದು ನೋಡಿದೆ. ಐದು ಬಗೆಯ ಗುಳಿಗೆಗಳ ಹೆಸರು, ಹದಿನೈದು ದಿನ ಬಿಟ್ಟು ಬಂದು ತೋರಿಸಬೇಕೆಂಬ ಸೂಚನೆ ಅದರಲ್ಲಿದ್ದವು. ಅದರ ಕೆಳಗೆ ಅರ್ಧ ಹಾಳೆ ಖಾಲಿಯಿತ್ತು. ಜ್ವರ ಬಂದರೆ, ನಾಡಿ ಓಡಿದರೆ, ಹೊಟ್ಟೆ ಉಬ್ಬಿದರೆ, ಗಾಳಿ ಹೋಗದಿದ್ದರೆ, ನೋವು ಇಳಿಯುವ ಬದಲು ಏರಿದರೆ ಅದೇ ದಿನ ಮರಳಿ ಬರಬೇಕೆಂದು ಬರೆಯಲು ಅಷ್ಟು ಜಾಗ ಧಾರಾಳವಾಗಿ ಸಾಕಾಗುತ್ತಿತ್ತು.